ಸಮುದಾಯವು ಸಹಮತ ಸೂಚಿಸಿತು

ಒಳ್ಳೆಯ ಕನ್ನಡ ಬರೆಯುವುದೂ ಒಂದು ಚಟವೇ. ಎಲೆಯಡಿಕೆಯ ಚಟ ಹತ್ತಿಸಿಕೊಂಡವರಿಗೆ ತಮ್ಮ ಕೆಂಪಾದ ಹಲ್ಲಾದರೂ ಕನ್ನಡಿಯಲ್ಲಿ ಕಾಣುತ್ತದೆ; ನಮ್ಮಂಥವರಿಗೆ ಅದೂ ಇಲ್ಲ. ನಾನು ಉಜಿರೆ ಸುತ್ತಮುತ್ತಲಿನ ಶಾಲೆಗಳಲ್ಲಿ ಬದುಕಿಡೀ ಕನ್ನಡ ಕಲಿಸಿದವನು. ಮನೆಯಲ್ಲಿ ತುಳು, ಕರಿಹಲಗೆಯ ಮುಂದೆ ಗ್ರಾಂಥಿಕ ಕನ್ನಡ. ನಿವೃತ್ತನಾದ ಮೇಲೆ ಅರ್ಜಿ, ಆಮಂತ್ರಣ, ಸನ್ಮಾನಪತ್ರ, ಶ್ರದ್ಧಾಂಜಲಿ ಎಂದು ಜನ ನನ್ನಲ್ಲಿಗೆ ಬರತೊಡಗಿದರು. ಒಮ್ಮೆ ಬಂಟ್ವಾಳದ ಸಮಾರಂಭವೊಂದರಲ್ಲಿ ನಾನು ಬರೆದ ಸನ್ಮಾನಪತ್ರವನ್ನು ಓದುತ್ತಿದ್ದಾಗ, ಹಾರ ಹಾಕಿಸಿಕೊಂಡು ಕೂತಿದ್ದವರೇ ಪಕ್ಕದವರ ಕಿವಿಯಲ್ಲಿ “ಇದು ಯಾರ ಬಗ್ಗೆ ಮಾರಾಯ?” ಎಂದು ಕೇಳಿದರಂತೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡೆ. ನನ್ನ ಹೆಂಡತಿ ಮಾತ್ರ, “ನೀವು ಬರೆದ್ರೆ ಬದುಕಿದ್ದವರದ್ದೂ ಶ್ರದ್ಧಾಂಜಲಿಯ ಹಾಗೆ ಕೇಳ್ತದೆ” ಎಂದಳು. ಅವಳಿಗೆ ಸಾಹಿತ್ಯದಲ್ಲಿ ಆಸಕ್ತಿ ಕಡಿಮೆ.

ಹೀಗಿರುವಾಗ ಬೆಳ್ತಂಗಡಿಯ ಕಚೇರಿಯೊಂದರಿಂದ ಕರೆ ಬಂತು. ಘಟ್ಟದ ಬುಡದಲ್ಲಿರುವ ಮಲೆಕುಡಿಯ ಬುಡಕಟ್ಟಿನವರ ಆರೋಗ್ಯಕ್ಕಾಗಿ ಯೋಜನೆಯೊಂದು ತಯಾರಾಗಬೇಕಂತೆ. ಈ ಸಲ ಅದನ್ನು ಅಧಿಕಾರಿಗಳಲ್ಲ, ಸಮುದಾಯದವರೇ ರೂಪಿಸಬೇಕೆಂದು ಮೇಲಿನಿಂದ ಆದೇಶವಂತೆ. ಅಲ್ಲಿನ ಸಾಹೇಬರು ಬೆಂಗಳೂರಿನ ಕಡೆಯವರು, ತುಳು ಬಾರದು. ಜನರ ಮಾತನ್ನು ಕನ್ನಡಕ್ಕೆ ತರಲು, ಸಭೆಯ ನಡಾವಳಿ ಬರೆಯಲು ಒಬ್ಬರು ಬೇಕು. ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೊರಟೆ.

ಅಂಗನವಾಡಿಯ ಜಗಲಿಯಲ್ಲಿ ಸಭೆ. ಇಪ್ಪತ್ತು ಮಂದಿ ನೆಲದ ಮೇಲೆ, ನಾವಿಬ್ಬರು ಕುರ್ಚಿಯ ಮೇಲೆ. ಸಾಹೇಬರು ಕೈಮುಗಿದು, “ನಿಮ್ಮ ಆರೋಗ್ಯ, ನಿಮ್ಮ ಯೋಜನೆ. ಮನಸ್ಸು ಬಿಚ್ಚಿ ಹೇಳಿ, ನಾವು ಕೇಳೋಕೇ ಬಂದಿದ್ದೀವಿ” ಎಂದರು. ಮನುಷ್ಯ ಕೆಟ್ಟವರೇನಲ್ಲ, ನಿಜವಾಗಿಯೂ ಕೇಳಲೆಂದೇ ಬಂದಿದ್ದರು. ಅವರ ದುರದೃಷ್ಟಕ್ಕೆ ಅವರ ಕಿವಿ ನಾನಾಗಿದ್ದೆ.

ನಲವತ್ತು ದಾಟಿದ ಗಿರಿಜ ಎಂಬ ಹೆಂಗಸು ಎದ್ದು ನಿಂತು ತುಳುವಿನಲ್ಲಿ ಹೇಳಿದಳು. ಅವಳು ಹೇಳಿದ್ದು ಇಷ್ಟು: “ಬೆಳಕು ಹರಿಯುವ ಮೊದಲೇ ನಾವೆಲ್ಲ ತೋಟದ ರಬ್ಬರ್ ಮರಗಳ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗ್ತೇವೆ. ಮಧ್ಯಾಹ್ನದವರೆಗೆ ಮನೆಯಲ್ಲಿ ನಾಯಿ ಬಿಟ್ಟರೆ ಯಾರೂ ಇಲ್ಲ. ನಿಮ್ಮ ಔಷಧದ ವ್ಯಾನು ಹತ್ತೂವರೆಗೆ ಬಂದು ಹೋಗ್ತದೆ. ನಾಯಿಗೆ ಬಿಪಿ ಇಲ್ಲ, ನನ್ನ ಗಂಡನಿಗೆ ಉಂಟು. ಮಾತ್ರೆಗೆ ಅಂತ ಬೆಳ್ತಂಗಡಿಗೆ ಹೋದ್ರೆ ಆ ದಿನದ ಕೆಲಸ ಹೋಯ್ತು. ವ್ಯಾನು ಮೂರು ಗಂಟೆಗೆ ಬರ್ಲಿ.”

ನಾಯಿಯ ಮಾತಿಗೆ ಜನ ಗೊಳ್ಳೆಂದು ನಕ್ಕರು. ಸಾಹೇಬರು, “ಏನಂತೆ ಮೇಷ್ಟ್ರೇ?” ಎಂದು ನನ್ನ ಕಡೆ ತಿರುಗಿದರು. ಇಷ್ಟು ದೂರದಿಂದ ಬಂದವರ ಮುಂದೆ ನಾಯಿಯ ಬಿಪಿಯನ್ನು ಇಡುವುದು ಹೇಗೆ? ನಾನು ಗಂಟಲು ಸರಿಮಾಡಿಕೊಂಡು, “ಸಂಚಾರಿ ಚಿಕಿತ್ಸಾ ಸೇವೆಯ ಕುರಿತು ಇವರಿಗೆ ಅಪಾರ ಕೃತಜ್ಞತೆಯಿದೆ. ಸಮಯದ ಬಗ್ಗೆ ಕೆಲವು ಅನಿಸಿಕೆಗಳನ್ನು ಹಂಚಿಕೊಂಡಿದ್ದಾರೆ” ಎಂದೆ. “ವೆರಿ ಗುಡ್, ಬರ್ಕೊಳ್ಳಿ” ಎಂದರು. ಬರೆದುಕೊಂಡೆ: ‘ಸೇವಾ ಸಮಯದ ಸೂಕ್ತತೆಯ ಕುರಿತು ಸಮುದಾಯವು ರಚನಾತ್ಮಕವಾಗಿ ಸ್ಪಂದಿಸಿ ಸಹಮತ ಸೂಚಿಸಿತು.’ ಈ ವಾಕ್ಯದಲ್ಲಿ ಮೂರು ಗಂಟೆಯನ್ನು ಸೇರಿಸಲು ನೋಡದೆ ಇರಲಿಲ್ಲ. ಆದರೆ ಅದು ಪೇಟ ಸುತ್ತಿಕೊಂಡವರ ನಡುವೆ ಬನಿಯನ್ನಿನಲ್ಲಿ ಬಂದು ಕೂತವನ ಹಾಗೆ ಕಂಡಿತು. ಬಿಟ್ಟೆ.

ಯೋಜನೆ ಮಿರಿಮಿರಿ ಮಿಂಚುವ ಪುಸ್ತಕವಾಗಿ ಬಂತು. ಮುಖಪುಟದಲ್ಲಿ ಕೈಯೆತ್ತಿ ಮಾತಾಡುತ್ತಿರುವ ಗಿರಿಜ. ಒಳಗೆ, ‘ಸಮುದಾಯದ ಸಹಮತದಂತೆ ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ’ ಎಂದು ವ್ಯಾನಿನ ವೇಳೆ. ನನ್ನ ವಾಕ್ಯ ಅಚ್ಚಾದದ್ದನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದೆ.

ಕೆಲವು ತಿಂಗಳ ಮೇಲೆ ಸಾಹೇಬರ ಫೋನು. “ಮೇಷ್ಟ್ರೇ, ಒಬ್ರೂ ಬರ್ತಿಲ್ಲ ರೀ. ಅವರೇ ಒಪ್ಪಿದ್ದು, ಅವರೇ ಬರಲ್ಲ ಅಂದ್ರೆ ಏನ್ ಮಾಡೋದು? ನಿರಾಸಕ್ತಿ ಅಂತ ವರದಿ ಹೋಗಿದೆ. ನೀವೊಂದ್ಸಲ ಹೋಗಿ ಸ್ವಲ್ಪ ಜಾಗೃತಿ ಮೂಡಿಸಿ.”

ಜಾಗೃತಿ ಮೂಡಿಸಲು ಹೋದೆ. ಗಿರಿಜಳ ಮನೆಯಂಗಳದಲ್ಲಿ ಅವಳ ಗಂಡ ಬಾಬು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಬಲಗೈ ಬೇರೆ ಯಾರದೋ ವಸ್ತುವಿನಂತೆ ಮಡಿಲಲ್ಲಿ ಬಿದ್ದಿತ್ತು. ಮಾತ್ರೆ ಮುಗಿದು ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ರಬ್ಬರ್ ಮರದ ಬುಡದಲ್ಲೇ ಕುಸಿದನಂತೆ. ತೋಟದವರ ಜೀಪಿನಲ್ಲಿ ಮಂಗಳೂರಿಗೆ ಒಯ್ದರಂತೆ. ಜೀವ ಉಳಿಯಿತು, ಟ್ಯಾಪಿಂಗ್ ಕತ್ತಿ ಹಿಡಿಯುವ ಕೈ ಮಾತ್ರ ಏಳಲಿಲ್ಲ. ಅವನು ಎಡಗೈಯನ್ನು ಹಣೆಗೆ ಮುಟ್ಟಿಸಿ ನಮಸ್ಕರಿಸಿ, ತುಳುವಿನಲ್ಲಿ ತೊದಲುತ್ತ, “ಮಾಷ್ಟ್ರು ಬಿಸಿಲಲ್ಲಿ ಬಂದಿದ್ದಾರೆ, ಕುಡಿಲಿಕ್ಕೆ ಕೊಡು” ಎಂದು ಹೆಂಡತಿಗೆ ಹೇಳಿದ.

ಗಿರಿಜ ಬೆಲ್ಲ ನೀರು ತಂದಿಟ್ಟಳು. ಆಮೇಲೆ ನಿಧಾನವಾಗಿ, ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿದಳು: “ಮಾಷ್ಟ್ರೇ, ಆವತ್ತು ನಾನು ಹೇಳಿದ್ದಕ್ಕೂ ನೀವು ಹೇಳಿದ್ದಕ್ಕೂ ಸಂಬಂಧವೇ ಇರ್ಲಿಲ್ಲ.”

“ನಿನಗೆ ಕನ್ನಡ ಬರ್ತದಾ?”

“ಹತ್ತನೇ ಪಾಸಾಗಿದ್ದೇನೆ. ನಿಮ್ಮ ಕ್ಲಾಸಿನಲ್ಲೇ. ನಿಮಗೆ ನೆನಪಿರ್ಲಿಕ್ಕಿಲ್ಲ.”

ನೆನಪಿರಲಿಲ್ಲ. “ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?” ಎಂದೆ. ತಪ್ಪನ್ನು ಅರ್ಧದಷ್ಟಾದರೂ ಅವಳ ಕಡೆ ತಳ್ಳುವ ಆಸೆ ಇನ್ನೂ ಇತ್ತು.

“ಅಷ್ಟು ದೊಡ್ಡ ದೊಡ್ಡ ಮಾತು ಹೇಳಿದ್ರಲ್ಲ, ಅದರೊಳಗೆ ಎಲ್ಲಿಯಾದರೂ ಮೂರು ಗಂಟೆ ಇರಬಹುದು ಅಂತ ಎಣಿಸಿದೆ. ಮಾಷ್ಟ್ರಲ್ವಾ?”

ಬೆಲ್ಲ ನೀರಿನ ಲೋಟವನ್ನು ಕೆಳಗಿಟ್ಟೆ. ಸಾಹೇಬರಿಗೆ ನಾನೇ ತಿಳಿಸುತ್ತೇನೆ ಎಂದೆ. “ನೀವು ತಿಳಿಸುವುದು ಬೇಡ. ನಾನು ಹೇಳ್ತೇನೆ, ನೀವು ಬರೀರಿ” ಎಂದಳು. ಬರೆದೆ. ‘ನಾವು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತೇವೆ. ವ್ಯಾನು ಮೂರು ಗಂಟೆಗೆ ಬರಲಿ. ಬಾರದ್ದಕ್ಕೆ ಬಾಬುವಿನ ಕೈ ಹೋಯಿತು.’ ಮೊದಲಿಗೆ ‘ಸನ್ನಿಧಾನಕ್ಕೆ ವಿನಮ್ರ ವಿಜ್ಞಾಪನೆ’ ಎಂದು ಸೇರಿಸಲು ನನ್ನ ಪೆನ್ನು ಮೇಲಕ್ಕೆ ಸರಿಯುತ್ತಿದ್ದಂತೆ ಅವಳು ಕಾಗದವನ್ನು ಎಳೆದುಕೊಂಡು ಸಹಿ ಹಾಕಿದಳು. ಸಂಜೆಯೊಳಗೆ ಅಕ್ಕಪಕ್ಕದ ಮನೆಯವರೆಲ್ಲ ಸಹಿ ಹಾಕಿದರು. ಕಾಗದವನ್ನು ಕಚೇರಿಗೆ ಮುಟ್ಟಿಸುವ ಕೆಲಸ ಮಾತ್ರ ನನಗೆ ಬಂತು.

ಎರಡೇ ವಾರ. ವ್ಯಾನು ಮೂರು ಗಂಟೆಗೆ ಬರತೊಡಗಿತು. ಈಗ ಬಾಬುವಿನ ಬಿಪಿಯನ್ನು ತಪ್ಪದೆ ನೋಡುತ್ತಾರೆ, ಎಡಗೈಯಲ್ಲಿ.

ಮೊನ್ನೆ ಸಾಹೇಬರು ಫೋನಿನಲ್ಲಿ ಉಬ್ಬಿಹೋಗಿದ್ದರು. “ಎಂಥಾ ಕಾಗದ ಬರೆದಿದ್ದೀರಿ ಮೇಷ್ಟ್ರೇ! ಮೂರೇ ಸಾಲು, ಕಣ್ಣಲ್ಲಿ ನೀರು ಬಂತು. ಮೂಡುಬಿದಿರೆ ಕಡೆ, ಪುತ್ತಿಗೆಯಲ್ಲಿ ಕೊರಗರ ಸಭೆ ಇದೆ, ಅದಕ್ಕೂ ನೀವೇ ಬರಬೇಕು” ಎಂದರು. ಅದು ಗಿರಿಜ ಬರೆಸಿದ್ದು, ಕರೆಯುವುದಿದ್ದರೆ ಅವಳನ್ನು ಕರೆಯಿರಿ ಎಂದು ಹೇಳಲು ಬಾಯಿ ತೆರೆದೆ. ಬಾಯಿಂದ ಹೊರಬಂದದ್ದು, “ತಮ್ಮ ಅಭಿಮಾನಕ್ಕೆ ಚಿರಋಣಿ.”