ಎಲ್ಲ ಸೀರೆಗೂ ಒಂದೇ ಪೆಟ್ಟಿಗೆ

ಒಮ್ಮೆ ಮಾಡಿಟ್ಟು ಹತ್ತು ಕಡೆ ಬಳಸುವುದು ಜಾಣತನವೆಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ಅದು ಸೋಮಾರಿತನವೂ ಇರಬಹುದೆಂದು ತಿಳಿದದ್ದು ಗದ್ವಾಲದ ನೇಕಾರ್ತಿ ಬಸಮ್ಮಕ್ಕನ ಮಗ್ಗದ ಮುಂದೆ. ನಾನು ಮಕ್ತಲ್‌ನವನು, ಸೀರೆಯ ವಿನ್ಯಾಸ ಬಿಡಿಸುವ ಆಪ್ ಒಂದನ್ನು ಬರೆದಿದ್ದೇನೆ. ತೆರೆಯ ಮೇಲೆ ಸೀರೆಯ ಯಾವ ಭಾಗ ಮುಟ್ಟಿದರೂ ಬಲಗಡೆ ಒಂದು ಪೆಟ್ಟಿಗೆ ತೆರೆದು ಅದರ ಬಣ್ಣ, ಅಗಲ, ಎಳೆ ಯಾವುದೆಂದು ತೋರಿಸುತ್ತದೆ. ಬೇಕಾದರೆ ಅಲ್ಲೇ ಬದಲಿಸಬಹುದು. ಭಾಗಕ್ಕೊಂದು ಪೆಟ್ಟಿಗೆ ಮಾಡುವಷ್ಟು ದಡ್ಡ ನಾನಲ್ಲ. ಕೋಡ್‌ನಲ್ಲಿ 'ಸೀರೆ' ಎಂಬ ಒಂದು ತಾಯಿ ಕ್ಲಾಸು, ಅಂದರೆ ಮೂಲ ಅಚ್ಚು, ಮಾಡಿ ಅದರಲ್ಲಿ ಎಲ್ಲ ಇಟ್ಟು, ಅಂಚು, ಒಡಲು, ಸೆರಗು ಎಂಬ ಮಕ್ಕಳೆಲ್ಲ ಅಲ್ಲಿಂದಲೇ ಪಡೆಯಲಿ ಎಂದು ಬಿಟ್ಟೆ. ನನ್ನ ಮುಂದಿದ್ದ ಮಾದರಿ ನಾರಾಯಣಪೇಟೆಯ ಚೌಕಳಿ ಸೀರೆ, ಪೂರ್ತಿ ಒಂದೇ ಬಗೆಯ ಎಳೆಯದು. ಗದ್ವಾಲದ್ದೂ ಹಾಗೆಯೇ ಎಂದು ಬಸಮ್ಮಕ್ಕನೇ ಹೇಳಿದ ನೆನಪು. ನೀನು ನನ್ನನ್ನು ಕೇಳಿಯೇ ಇಲ್ಲ ಎನ್ನುತ್ತಾರೆ ಅವರು. ನನ್ನ ನೆನಪು ನನಗೆ ಅನುಕೂಲವಾದದ್ದನ್ನೇ ಇಟ್ಟುಕೊಳ್ಳುವುದರಿಂದ ವಾದಿಸಲಿಲ್ಲ.

ಈ ಆಪ್ ಬಳಸಲು ಒಪ್ಪಿದ ಜೀವ ಲೋಕದಲ್ಲಿ ಅವರೊಬ್ಬರೇ. ಸೋಮವಾರ ಮಗ್ಗಕ್ಕೆ ಹೊಸ ಹಾಸು ಏರುವಷ್ಟರಲ್ಲಿ ವಿನ್ಯಾಸ ಸಿದ್ಧವಾಗದಿದ್ದರೆ ಅವರು ಕೈಯಿಂದ ಚೌಕ ಗೀಟಿ ವಿನ್ಯಾಸ ಬರೆಯುವ ಹಳೆಯ ಚೌಕಳಿ ಪುಸ್ತಕಕ್ಕೆ ಮರಳುತ್ತಾರೆ, ನಾನು ಭಕ್ತರಿಲ್ಲದ ದೇವರಾಗುತ್ತೇನೆ.

ಶುಕ್ರವಾರ ಅವರು ಅಂಚನ್ನು ಮುಟ್ಟಿ 'ರೇಷ್ಮೆ' ಎಂದು ಆರಿಸಿದರು. ಕಣ್ಣೆದುರೇ ಒಡಲೂ ರೇಷ್ಮೆಯಾಯಿತು.

"ಅಯ್ಯ ತಮ್ಮಾ! ಗದ್ವಾಲ ಸೀರಿಗಿ ಒಡಲು ಹತ್ತಿ, ದಡಿ ರೇಷ್ಮಿ ಇರತೈತಿ. ಎರಡೂ ಕೂಡಿಸಿ ನೇಯಾಕ ನಮ್ಮ ಬೆನ್ನು ಮುರೀತೈತಿ. ನೀ ಒಂದ ಬೆರಳಿಲೆ ಒತ್ತಿ ಎಲ್ಲಾ ರೇಷ್ಮಿ ಮಾಡಿದ್ಯಲ್ಲೋ!"

ಎರಡು ದಿನ ಕೂತು ತಾಯಿಯಿಂದ ಎಳೆಯನ್ನು ಕಿತ್ತು ಮಕ್ಕಳಿಗೆ ಬೇರೆ ಬೇರೆಯಾಗಿ ಹಂಚಿದೆ. ಭಾನುವಾರ ಸಂಜೆ ಅವರು ಈ ಸಲ ಇಡೀ ಸೀರೆಯನ್ನೇ ಮುಟ್ಟಿದರು. ಎಳೆ ಎಂಬಲ್ಲಿ ಬರೀ ಒಂದು ಅಡ್ಡಗೀಟು ಬಂತು.

"ಇದೇನೋ ಗೀಟು?"

"ಎರಡು ಥರದ ಎಳಿ ಅದಾವಲ್ಲಕ್ಕಾ, ಯಾವದು ಹೇಳಬೇಕಂತ ಅದಕ್ಕ ತಿಳಿಯಂಗಿಲ್ಲ."

"ಮೊನ್ನೆ ಬಂದ ನನ್ನ ಸೊಸಿಗಿ ತಿಳೀತೈತಿ, ಅದಕ್ಕ ತಿಳಿಯಂಗಿಲ್ಲೇನು?"

ಅವರು ಫೋನನ್ನು ಮೆಲ್ಲಗೆ ನನ್ನ ಕೈಗಿಟ್ಟು, ಗೂಡಿನಿಂದ ಚೌಕಳಿ ಪುಸ್ತಕ ತೆಗೆದರು. ನನ್ನ ಮುಖ ನೋಡಿ ಪಾಪವೆನಿಸಿರಬೇಕು. "ಓದಿದಂವ ಅದೀ, ಗೀಟು ಚಂದ ಹಾಕ್ತಿ. ಈ ಖಾಲಿ ಪುಟದಾಗ ಚೌಕ ಹಾಕಿಕೊಡು," ಎಂದರು.

ನಾಲ್ಕು ದಿನದಿಂದ ಹಾಕುತ್ತಿದ್ದೇನೆ. ನಿನ್ನೆ ಎರಡು ಪುಟ ಸೊಟ್ಟಗಿವೆಯೆಂದು ಅವರ ಸೊಸೆ ಹರಿದು ಹಾಕಿದಳು.