ಅಮ್ಮನಿಗೊಂದು ಲೈವ್ ಮದುವೆ

ಹಳೆ ಲ್ಯಾಪ್‌ಟಾಪ್ ಎಂಬುದು ಜಗತ್ತಿನಲ್ಲೇ ಇಲ್ಲ, ಇರುವುದು ಸೋಮಾರಿ ಯಜಮಾನರು ಮಾತ್ರ! ಸಂಪಾಜೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ನಾನು ಮಾಡುತ್ತಿದ್ದ ಉಪದೇಶ ಇದು. ಗುಜರಿಗೆ ಹಾಕಿ ಎಂದು ರಿಪೇರಿಯವನು ಕೈಬಿಟ್ಟಿದ್ದ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಪುನರ್ಜನ್ಮ ಕೊಟ್ಟ ಮಹಾಪುರುಷ ನಾನು. ಅದು ಎಲ್ಲವನ್ನೂ ಮಾಡುತ್ತಿತ್ತು, ಆನ್‌ಲೈನ್ ವಿಡಿಯೋ ಒಂದನ್ನು ಬಿಟ್ಟು. ವಿಡಿಯೋ ಹಾಕಿದರೆ ಮಾತು ಮುಂದೆ, ತುಟಿ ಹಿಂದೆ!

ಅಕ್ಕನ ಮಗಳು ಯಶಸ್ವಿಯ ಮದುವೆ ಸುಳ್ಯದ ಹಾಲ್‌ನಲ್ಲಿ. ಕಾಲು ಮುರಿದುಕೊಂಡು ಮಂಚ ಹಿಡಿದಿದ್ದ ಅಮ್ಮನಿಗೆ ಮೊಮ್ಮಗಳ ಧಾರೆಯನ್ನು ಲೈವ್ ತೋರಿಸಿಯೇ ಸಿದ್ಧ ಎಂದು ಪಣ ತೊಟ್ಟೆ.

"ಅತ್ತೆ ಬೇಕಾದ್ರೆ ನೆರೆಮನೆ ಮೈಮೂನಮ್ಮನ ಮೊಬೈಲಲ್ಲಿ ನೋಡ್ಲಿ. ನೀವೀಗ ಹೊರಡಿ ಮಾರಾಯ್ರೆ," ಎಂದಳು ಹೆಂಡತಿ ಭವಿತಾ, ಜೀಪು ಹತ್ತುತ್ತಾ. "ಸೋದರಮಾವ ಕೈಹಿಡಿದು ತರದೆ ಮದುಮಗಳು ಮಂಟಪಕ್ಕೆ ಬರ್ಲಿಕ್ಕುಂಟಾ?"

ಆ ಸೋದರಮಾವ ನಾನೇ!

"ಅಂಗೈಯಷ್ಟು ಸ್ಕ್ರೀನಲ್ಲಿ ಅಮ್ಮ ಮೊಮ್ಮಗಳನ್ನು ನೋಡುದಾ? ನೀನು ಹೋಗು. ಸೆಟ್ಟಿಂಗ್ ಸರಿ ಮಾಡಿ ಬೈಕಲ್ಲಿ ಹಿಂದೆಯೇ ಬಂದೆ!"

ಅಮ್ಮನ ಜೊತೆಗಿರಲು ಮೈಮೂನಮ್ಮ ಬಂದರು. ಲೈವ್ ಶುರುವಾಯಿತು. ವಾಲಗದವನ ಕೆನ್ನೆ ಉಬ್ಬಿತು. ಉಬ್ಬಿದ್ದು ಹಾಗೆಯೇ ನಿಂತಿತು.

"ಪಾಪ, ಅವನಿಗೆ ಎಂತ ಆಯ್ತು?" ಎಂದರು ಮೈಮೂನಮ್ಮ. "ನನ್ನ ಮೊಬೈಲಲ್ಲಿ ಸರಿ ಬರ್ತಾ ಉಂಟು."

ಇದಕ್ಕಿಂತ ಅವಮಾನ ಬೇಕೇ! ಬ್ರೌಸರ್ ಬಿಟ್ಟು ಲಿಂಕನ್ನು ನೇರ ಒಂದು ಹಗುರ ಪ್ಲೇಯರಿಗೆ ಕೊಟ್ಟರೆ ಸಲೀಸಾಗಿ ಓಡುತ್ತದೆಂದು ಎಲ್ಲೋ ಓದಿದ್ದೆ. ಕಪ್ಪು ಪರದೆ ತೆರೆದು ಕಮಾಂಡು ಕುಟ್ಟತೊಡಗಿದೆ.

"ಹಾಲಲ್ಲಿ ಕರೆಂಟ್ ಹೋಯ್ತಾ ಮಗಾ?" ಅಮ್ಮ ಕೇಳಿದರು.

"ಸುಮ್ಮನಿರಮ್ಮಾ, ಇದು ಟೆಕ್ನಿಕಲ್!"

ನೆಟ್ ನನ್ನ ಮೊಬೈಲಿನದು. ಪ್ಲೇಯರ್ ಅರ್ಧ ಡೌನ್‌ಲೋಡ್ ಆಗುವಷ್ಟರಲ್ಲಿ ಭವಿತಾಳ ಫೋನು! ನಮ್ಮಲ್ಲಿ ಕಾಲ್ ಬಂದರೆ ನೆಟ್ ಹೋಗುತ್ತದೆ. ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್. ಅಕ್ಕನದು ಬಂತು, ಭಾವನದು ಬಂತು. ಮದುವೆ ಮನೆಯವರಿಗೆ ಬೇರೆ ಕೆಲಸವೇ ಇಲ್ಲವೇ! ಸಿಟ್ಟು ಬಂದು ಎಲ್ಲರನ್ನೂ ಬ್ಲಾಕ್ ಮಾಡಿದೆ.

ಕ್ವಾಲಿಟಿ ಇಳಿಸಿ ಕೊನೆಯ ಕಮಾಂಡು ಕುಟ್ಟಿದೆ. ಆಹಾ! ಚಿತ್ರ ತೆಂಗಿನೆಣ್ಣೆ ಹೊಯ್ದ ಹಾಗೆ ಹರಿಯಿತು. ಮಂಟಪದಲ್ಲಿ ಮದುಮಗ ಬೆವರುತ್ತಿದ್ದ. ಭಟ್ಟರು ವಾಚು ನೋಡುತ್ತಿದ್ದರು. ಭಾವ ಹಾಲ್‌ನ ಬಾಗಿಲಿಗೂ ಮಂಟಪಕ್ಕೂ ಓಡಾಡುತ್ತಿದ್ದರು.

"ಎಂತಕ್ಕೆ ಎಲ್ಲ ಕಾಯುದು?" ಮೈಮೂನಮ್ಮ ಕೇಳಿದರು.

"ಯಾರೋ ಬೇಜವಾಬ್ದಾರಿ ಮನುಷ್ಯ ಬರ್ಲಿಲ್ಲ ಕಾಣ್ತದೆ. ಮುಹೂರ್ತದ ಹೊತ್ತಿಗೆ ಇಂಥವರನ್ನು ಕಾಯುದೇ ನಮ್ಮ ಜನರ ಹಣೆಬರಹ!"

ಅಷ್ಟರಲ್ಲಿ ಹಾಲ್‌ನ ಮೈಕ್ ಕೂಗಿತು: "ಮದುಮಗಳ ಸೋದರಮಾವ ಅಚ್ಚುತಣ್ಣ ಎಲ್ಲಿದ್ದರೂ ಕೂಡಲೇ ಮಂಟಪಕ್ಕೆ ಬರಬೇಕು!"

ಶಬ್ದವೂ ಎಷ್ಟು ಸ್ಪಷ್ಟ! ಗಡಿಯಾರ ನೋಡಿದೆ. ನಾನು ಇನ್ನೂ ಲುಂಗಿಯಲ್ಲಿದ್ದೆ. ಇಸ್ತ್ರಿ ಮಾಡಿದ ಬಿಳಿ ಪಂಚೆ ಕುರ್ಚಿಯಲ್ಲಿ ನೇತಾಡುತ್ತಿತ್ತು. ಹಾರಿಕೊಂಡು ಹೋದರೂ ಸುಳ್ಯ ಮುಟ್ಟುವಷ್ಟರಲ್ಲಿ ಮುಹೂರ್ತ ಮುಗಿದಿರುತ್ತಿತ್ತು.

ಪರದೆಯಲ್ಲಿ, ಮದುಮಗಳ ಕೋಣೆಯ ಬಾಗಿಲಿಗೆ ಯಶಸ್ವಿ ಬಂದು ನಿಂತಳು. ಅತ್ತ ನೋಡಿದಳು, ಇತ್ತ ನೋಡಿದಳು. ಮಗುವಿನ ಕಣ್ಣು ತುಂಬಿತ್ತು. ಛೆ, ನನ್ನ ಜನ್ಮಕ್ಕಿಷ್ಟು! ಆಗ ಭವಿತಾ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ಅವಳ ಕೈಹಿಡಿದಳು.

"ಬಾ ಮಗಳೇ. ಮಾವ ಇಲ್ಲದಿದ್ರೆ ಎಂತ, ಅತ್ತೆ ಉಂಟಲ್ಲ!"

ಮಂಟಪದತ್ತ ನಡೆಯುತ್ತಾ ಕ್ಯಾಮೆರಾವನ್ನು, ಅಂದರೆ ನೇರ ನನ್ನನ್ನೇ, ದುರುಗುಟ್ಟಿ ನೋಡಿದಳು. ದೇವರೇ, ಈಗೊಮ್ಮೆ ನಿಲ್ಲಲಿ ಈ ವಿಡಿಯೋ! ಒಂದೇ ಒಂದು ಸಲ! ಎಲ್ಲಿ, ನಿಲ್ಲುವ ಲಕ್ಷಣವೇ ಇಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಕುಳಿತೆ.

ಅಮ್ಮ ಕಣ್ಣೊರೆಸಿಕೊಂಡು ನನ್ನ ಬೆನ್ನು ತಟ್ಟಿದರು. "ಬೇಜಾರು ಮಾಡ್ಬೇಡ ಮಗಾ. ನೀನು ಕಷ್ಟಪಟ್ಟದ್ದಕ್ಕೆ ಎಷ್ಟು ಚೆಂದ ಕಾಣ್ತಾ ಉಂಟು! ಭವಿತಾ ಹಲ್ಲು ಕಡಿಯುದು ಸಹ ಕಾಣ್ತದೆ."