ಕಾಡಂಚಿಗೆ ಸ್ವಾಮಿಗಳು ದಯಮಾಡಿಸಿದ್ದು

ನನ್ನನ್ನು ನಗಿಸದೆ ಭಗವಂತ ಒಂದು ಪ್ರವಾಸವನ್ನೂ ಮುಗಿಸಿಕೊಟ್ಟವನಲ್ಲ. ಆಗಿನ್ನೂ ವಿಜಯನಗರಕ್ಕೆ ಮೆಟ್ರೊ ಬಂದಿರಲಿಲ್ಲ. ಅಲ್ಲಿಂದ ಟೆಂಪೋದಲ್ಲಿ ಜನರನ್ನು ಕನಕಪುರದಾಚೆಯ ಕಾಡಂಚಿನ ಹಳ್ಳಿಯೊಂದಕ್ಕೆ ಕರೆದೊಯ್ಯುತ್ತಿದ್ದೆ. ಉಳಿಯಲು ಅಲ್ಲೊಬ್ಬ ಅಕ್ಕನ ಮನೆ. ಹೋದವರು ಮತ್ತೆ ಮತ್ತೆ ಬಂದರೆ ಅಕ್ಕ ಊರಲ್ಲೇ ಇರುತ್ತಾಳೆ, ಇಲ್ಲವಾದರೆ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ. ಬಂದೇ ಬರುತ್ತಾರೆ, ಭಗವಂತ ಕೈಬಿಡುವುದಿಲ್ಲ ಎಂದು ನಾನು ಧೈರ್ಯ ಹೇಳಿದ್ದೆ.

1. ಬೋರ್ಡು

'ಹೋಂ ಸ್ಟೇ' ಎಂದು ಬರೆಯಲು ಹೇಳಿದರೆ ಪೇಂಟರು ಸೊನ್ನೆಯ ಬದಲು 'ಮ' ಹಾಕಿ 'ಹೋಮ ಸ್ಟೇ' ಎಂದು ಬರೆದ. ಓದಿದವರಿಗೆ ಪುಣ್ಯ ಬರಲಿ, ಇರಲಿ ಬಿಡು ಎಂದೆ. ಮಾರನೆಯ ದಿನ ಊರ ಹಿರಿಯರೊಬ್ಬರು ಕೋಲೂರಿಕೊಂಡು ಬಂದರು. ಎರಡೆರಡು ಸಲ ಓದಿ ನನ್ನನ್ನೇ ಕೇಳಿದರು: "ಹೋಮಕ್ಕೆ ಸ್ಟೇ ತಂದೋರು ಯಾರಪ್ಪಾ? ಯಾವ ಕೋರ್ಟಿಂದ?"

2. ಹಕ್ಕಿ

ಮೊದಲ ತಂಡ ರಾಜಾಜಿನಗರದ್ದು. ಅಕ್ಕನ ಗಂಡನೇ ಗೈಡು. ದುರ್ಬೀನು ಹಿಡಿದ ಆಂಟಿಯೊಬ್ಬರು ಹಕ್ಕಿ ತೋರಿಸಿ, ಇದು ಏನು ತಿನ್ನುತ್ತೆ ಎಂದರು. ನಮ್ಮ ರಾಗಿ ಎಂದ. ಎಲ್ಲಿರುತ್ತೆ? ನಮ್ಮ ಹುಣಸೇಮರದಲ್ಲಿ. ಇಷ್ಟು ಬಲ್ಲವನಿಗೆ ಹೆಸರು ಗೊತ್ತಿಲ್ಲದೆ ಇರುತ್ತದೆಯೇ ಎಂದು ಅವರು ಪೆನ್ನು ತೆಗೆದರು.

"ಹೆಸರಿಟ್ಟಿಲ್ಲ ಆಂಟಿ, ಬೈಯೋದಷ್ಟೇ."

3. ದರ್ಶನ

ಆ ತಂಡ ಮತ್ತೆ ಬರಲಿಲ್ಲ. ಎರಡನೆಯದೂ ಅಷ್ಟೇ. ಅಕ್ಕ ಗಾರ್ಮೆಂಟ್ಸ್‌ನವರಿಗೆ ಮಾತು ಕೊಡುವುದರಲ್ಲಿದ್ದಳು. ಇದೊಂದು ಸಲ ನೋಡೋಣವೆಂದು ನಮ್ಮ ಬಸವೇಶ್ವರನಗರದ ಭಜನಾ ಮಂಡಳಿಯನ್ನು ಹೊರಡಿಸಿದೆ. ಹೊರಡುವ ಹಿಂದಿನ ದಿನ ಅಕ್ಕನ ಫೋನು: "ಮೂರು ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಸ್ವಾಮಿಯೋರು ಬತ್ತಾವ್ರೆ ಸಾ."

ಸಂಗಡ ಯಾರು ಎಂದು ಕೇಳಿದೆ.

"ಮರೀನೂ ಅದೆ."

ನಮ್ಮ ಮಠಗಳಲ್ಲಿ ಪೀಠಕ್ಕೆ ಬರಲಿರುವ ಕಿರಿಯರನ್ನು ಮರಿ ಎನ್ನುವುದುಂಟು. ಹಿರಿಯರು, ಕಿರಿಯರು, ಇಬ್ಬರೂ! ಹಾರ, ಹಣ್ಣು, ಆರತಿತಟ್ಟೆ ಹೊತ್ತು ಹೊರಟೆವು.

ಬೆಳಿಗ್ಗೆ ಜಗಲಿಯಲ್ಲಿ ಸಾಲಾಗಿ ಕೂತೆವು. "ಬಂದ್ರು" ಎಂದು ಅಕ್ಕ ಪಿಸುಗುಟ್ಟಿದ್ದೇ ತಡ, ನಾನು ಅಂಗಳಕ್ಕಿಳಿದು ಸಾಷ್ಟಾಂಗ ಬಿದ್ದೆ. ತಲೆ ಎತ್ತಿದರೆ, ಕಂದಕದಾಚೆ ತಾಯಾನೆಯೊಂದು ಮರಿಯ ಜೊತೆ ಬಿದಿರು ಮುರಿಯುತ್ತಿದೆ. ಕಾಡಂಚಿನವರು ಆನೆಯ ಹೆಸರೆತ್ತುವುದಿಲ್ಲ, ಸ್ವಾಮಿ ಎನ್ನುತ್ತಾರೆಂದು ತಿಳಿದದ್ದು ಆಗಲೇ. ನಾನು ಏಳಲಿಲ್ಲ. ಭಕ್ತಿಯಿಂದಲೇ.

ತಿಂದು ಮುಗಿಸಿ ಅವು ಕಾಡಿಗೆ ತಿರುಗಿದವು. ಮಂಡಳಿಯ ಹಿರಿಯಜ್ಜಿ ಕಣ್ಣೊರೆಸಿಕೊಂಡು ಅಕ್ಕನ ಕೈ ಹಿಡಿದರು.

"ನೀನು ಎಲ್ಲೂ ಹೋಗ್ಬೇಡ ಕಣಮ್ಮ, ಮುಂದಿನ ತಿಂಗಳೂ ಬರ್ತೀವಿ. ಇಷ್ಟು ವರ್ಷದಲ್ಲಿ ಆಶೀರ್ವಚನ ನೀಡದೆ ಎದ್ದು ಹೋದ ಸ್ವಾಮಿಗಳನ್ನ ಇವತ್ತೇ ನೋಡಿದ್ದು."